ದೀರ್ಘಕಾಲೀನ ಲ್ಯುಕೇಮಿಯಾ: ಒಬ್ಬೊಬ್ಬರಿಗೆ ಒಂದೊಂದು ಚಿಕಿತ್ಸೆ ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಪತ್ರೆಯ ಬೆಂಚಿನ ಮೇಲೆ ಇಬ್ಬರು ಪಕ್ಕಪಕ್ಕ ಕೂತಿರುತ್ತಾರೆ. ಇಬ್ಬರ ಫೈಲಿನಲ್ಲೂ ಒಂದೇ ಕಾಯಿಲೆಯ ಹೆಸರು: ದೀರ್ಘಕಾಲೀನ ಲ್ಯುಕೇಮಿಯಾ, ಅಂದರೆ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್. ಒಬ್ಬರಿಗೆ ದಿನಾ ಮಾತ್ರೆ ಶುರುವಾಗಿದೆ. ಇನ್ನೊಬ್ಬರಿಗೆ "ಸದ್ಯಕ್ಕೆ ಔಷಧಿ ಬೇಡ, ಮೂರು ತಿಂಗಳು ಬಿಟ್ಟು ಬನ್ನಿ" ಎಂದಿದ್ದಾರೆ. ಮನೆ ಸೇರುವಷ್ಟರಲ್ಲಿ ಇಬ್ಬರಿಗೂ ಒಂದೇ ಅನುಮಾನ: ನನಗೆ ಕೊಟ್ಟಿರುವುದು ಸರಿಯಾ? ಇಬ್ಬರಿಗೂ ಕೊಟ್ಟ ಸಲಹೆ ಸರಿಯೇ ಇರಬಹುದು. ಅದು ಹೇಗೆ ಎಂದು ವಿವರಿಸುವುದಕ್ಕೇ ಇದನ್ನು ಬರೆದಿದ್ದೇನೆ. ಇದನ್ನು ಓದಿ ಯಾರೂ ತಾವಾಗಿಯೇ ಔಷಧಿ ಬದಲಿಸಬಾರದು, ನಿಲ್ಲಿಸಬಾರದು. ನಿಮ್ಮ ರಕ್ತರೋಗ ತಜ್ಞರ ಎದುರು ಕೂತಾಗ ಏನು ಕೇಳಬೇಕು ಎಂದು ತಿಳಿದರೆ ಸಾಕು.

ದೀರ್ಘಕಾಲೀನ ಲ್ಯುಕೇಮಿಯಾ ಅಂದರೆ ಒಂದೇ ಕಾಯಿಲೆಯಾ?

ಅಲ್ಲ. ಮುಖ್ಯವಾಗಿ ಎರಡು ಕಾಯಿಲೆಗಳಿವೆ. ಒಂದು ಸಿಎಂಎಲ್, ಅಂದರೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ಇನ್ನೊಂದು ಸಿಎಲ್‌ಎಲ್, ಅಂದರೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಆದರೆ ಚಿಕಿತ್ಸೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದರ ಮಾತ್ರೆ ಇನ್ನೊಂದಕ್ಕೆ ಬರುವುದಿಲ್ಲ. ಹಾಗಾಗಿ ಮೊದಲು ರಿಪೋರ್ಟಿನಲ್ಲಿ ಇರುವುದು ಯಾವುದು ಎಂದು ಖಚಿತ ಮಾಡಿಕೊಳ್ಳಿ.

ಸಿಎಂಎಲ್‌ಗೆ ಕಾರಣ ಸ್ಪಷ್ಟವಾಗಿ ಗೊತ್ತಿದೆ. 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗುತ್ತವೆ. ಆಗ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದು "ಬೆಳೆ, ಬೆಳೆ" ಎಂದು ಜೀವಕೋಶಕ್ಕೆ ನಿಲ್ಲದೆ ಹೇಳುತ್ತಿರುತ್ತದೆ. ಗಿಡ್ಡವಾದ ಆ 22ನೇ ಕ್ರೋಮೋಸೋಮ್ ಅನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಗುರುತಿಸಿದರು. ಅದು ಅದಲುಬದಲಿನ ಫಲ ಎಂದು 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಸಿಎಲ್‌ಎಲ್‌ಗೆ ಹೀಗೆ ಒಂದೇ ಕಾರಣ ಇಲ್ಲ. ಬಿ ಲಿಂಫೋಸೈಟ್ ಎಂಬ ಬಿಳಿಕಣಗಳು ಸಾಯದೆ ನಿಧಾನವಾಗಿ ತುಂಬಿಕೊಳ್ಳುತ್ತಾ ಹೋಗುತ್ತವೆ. ಅದರ ಹಿಂದಿನ ಬದಲಾವಣೆಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಡಾಕ್ಟರು "ರಿಸ್ಕ್" ಅನ್ನುತ್ತಾರೆ. ಅದು ಏನು?

ಈ ಒಂದು ಮಾತಿಗೆ ಎರಡು ಅರ್ಥಗಳಿವೆ. ಗೊಂದಲ ಹುಟ್ಟುವುದೂ ಇಲ್ಲಿಯೇ. ಒಂದು ಕಾಯಿಲೆಯ ರಿಸ್ಕ್: ಇದು ಎಷ್ಟು ಜೋರಾಗಿ ಬೆಳೆಯಬಹುದು, ಯಾವ ಔಷಧಿಗೆ ಜಗ್ಗದಿರಬಹುದು ಎನ್ನುವುದು. ಇನ್ನೊಂದು ನಿಮ್ಮ ದೇಹದ ರಿಸ್ಕ್: ನಿಮ್ಮ ಹೃದಯ, ಕಿಡ್ನಿ, ಸಕ್ಕರೆ, ಈಗಾಗಲೇ ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳು ಯಾವ ಔಷಧಿಯ ತೊಂದರೆಯನ್ನು ಜಾಸ್ತಿ ಮಾಡಬಹುದು ಎನ್ನುವುದು. "ಹೈ ರಿಸ್ಕ್" ಎಂದು ಕೇಳಿದ ತಕ್ಷಣ ಎದೆ ಒಡೆದುಕೊಳ್ಳಬೇಡಿ. ಯಾವುದರ ರಿಸ್ಕ್, ಯಾವ ಔಷಧಿಯ ಲೆಕ್ಕದಲ್ಲಿ ಎಂದು ಕೇಳಿ.

ಮೂರನೆಯದೂ ಒಂದಿದೆ. ಎಷ್ಟು ಸಲ ಆಸ್ಪತ್ರೆಗೆ ಬರಬಲ್ಲಿರಿ, ಮಗು ಬೇಕು ಎಂಬ ಯೋಚನೆ ಇದೆಯಾ, ದಿನಾ ಎರಡು ಹೊತ್ತು ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗುವುದು ನಿಮ್ಮ ಕೆಲಸಕ್ಕೆ ಹೊಂದುತ್ತದಾ? ಇದನ್ನು ಯಾವ ಸ್ಕೋರೂ ಅಳೆಯುವುದಿಲ್ಲ, ನೀವೇ ಬಾಯಿಬಿಟ್ಟು ಹೇಳಬೇಕು.

ಸಿಎಂಎಲ್‌ನಲ್ಲಿ ರಿಸ್ಕ್ ಲೆಕ್ಕ ಹಾಕುವುದು ಹೇಗೆ?

ನಾಲ್ಕು ಸಂಗತಿಗಳನ್ನು ನೋಡುತ್ತಾರೆ: ವಯಸ್ಸು, ಪಕ್ಕೆಲುಬಿನ ಕೆಳಗೆ ಗುಲ್ಮ (ಹೊಟ್ಟೆಯ ಎಡಭಾಗದ ಸ್ಪ್ಲೀನ್ ಎಂಬ ಅಂಗ) ಎಷ್ಟು ಸೆಂಟಿಮೀಟರ್ ಸಿಗುತ್ತದೆ, ಪ್ಲೇಟ್‌ಲೆಟ್ ಎಷ್ಟು, ರಕ್ತದಲ್ಲಿ ಬ್ಲಾಸ್ಟ್ ಎಂಬ ಎಳೆಯ ಕಣಗಳು ಶೇಕಡ ಎಷ್ಟು. 1984ರಲ್ಲಿ ಬಂದ ಸೋಕಾಲ್ ಸ್ಕೋರ್ ಇವುಗಳಿಂದಲೇ ಕಟ್ಟಿದ್ದು. ಆದರೆ ಅದು ಈಗಿನ ಸಿಎಂಎಲ್ ಮಾತ್ರೆಗಳು ಬರುವ ಮೊದಲಿನ ಕಾಲದ್ದು. ಈಗ ಜಾಸ್ತಿ ಬಳಸುವುದು 2016ರ ಇಎಲ್‌ಟಿಎಸ್ ಸ್ಕೋರ್. ಸಂಗತಿಗಳು ಅವೇ ನಾಲ್ಕು, ಆದರೆ ವಯಸ್ಸಿಗೆ ಕೊಡುವ ತೂಕ ಕಡಿಮೆಯಾಗಿದೆ. ಹಾಗಾಗಿ ಹಳೇ ಸ್ಕೋರಿನಲ್ಲಿ ಸುಮ್ನೆ ವಯಸ್ಸಾಗಿದೆ ಎಂಬ ಕಾರಣಕ್ಕೆ ಹೈ ರಿಸ್ಕ್ ಆಗಿದ್ದವರು ಹೊಸದರಲ್ಲಿ ಕೆಳಗಿನ ಗುಂಪಿಗೆ ಬರಬಹುದು.

ಒಂದು ಮಾತು ನೆನಪಿಡಿ. ಈ ಸ್ಕೋರನ್ನು ಔಷಧಿ ಶುರುವಾಗುವ ಮೊದಲಿನ ಅಳತೆಗಳಿಂದಲೇ ಹಾಕಬೇಕು. ಔಷಧಿ ಬಿದ್ದ ಮೇಲೆ ಗುಲ್ಮ ಇಳಿದುಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಮೊದಲ ದಿನದ ರಿಪೋರ್ಟುಗಳನ್ನು ಜೋಪಾನ ಮಾಡಿ.

ಹಾಗಾದರೆ ಯಾವ ಮಾತ್ರೆ ಯಾರಿಗೆ?

ಬಿಸಿಆರ್-ಎಬಿಎಲ್ ಮಾಡುವ ಕೆಲಸವನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆ 2001ರಲ್ಲಿ ಬಂತು. ಸಿಎಂಎಲ್‌ನ ಕಥೆ ಬದಲಾಗಿದ್ದು ಅಲ್ಲಿಂದ. ಆಮೇಲೆ ಎರಡನೇ ತಲೆಮಾರಿನ ಡಸಾಟಿನಿಬ್, ನಿಲೋಟಿನಿಬ್, ಬೊಸುಟಿನಿಬ್ ಬಂದವು. ಇವು ಕಾಯಿಲೆಯನ್ನು ಇನ್ನೂ ಬೇಗ, ಇನ್ನೂ ಆಳಕ್ಕೆ ಇಳಿಸುತ್ತವೆ. ಹಾಗಿದ್ದರೆ ಎಲ್ಲರಿಗೂ ಹೊಸದನ್ನೇ ಕೊಡಬಹುದಲ್ವಾ? ಇಲ್ಲ. ಒಟ್ಟು ಆಯಸ್ಸಿನ ಲೆಕ್ಕದಲ್ಲಿ ಇಮ್ಯಾಟಿನಿಬ್‌ನಿಂದ ಶುರು ಮಾಡಿದವರು ಹಿಂದೆ ಬಿದ್ದಿಲ್ಲ. ಜೊತೆಗೆ ಹೊಸ ಮಾತ್ರೆಗಳಿಗೆ ಅವವೇ ತೊಂದರೆಗಳಿವೆ.

ನಿಲೋಟಿನಿಬ್ ರಕ್ತನಾಳಗಳನ್ನು ಕಿರಿದು ಮಾಡಬಹುದು, ಸಕ್ಕರೆ ಮತ್ತು ಕೊಲೆಸ್ಟರಾಲ್ ಏರಿಸಬಹುದು, ಹೃದಯದ ಲಯ ಕೆಡಿಸಬಹುದು. ಹಿಂದೆ ಹಾರ್ಟ್ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರಿಗೆ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಅದು ಒಳ್ಳೆಯ ಆಯ್ಕೆಯಲ್ಲ. ಡಸಾಟಿನಿಬ್ ಶ್ವಾಸಕೋಶದ ಸುತ್ತ ನೀರು ತುಂಬಿಸಬಹುದು. ಮೊದಲೇ ಉಸಿರಾಟದ ತೊಂದರೆ ಇದ್ದವರು ಅದನ್ನು ತಪ್ಪಿಸುವುದೇ ಮೇಲು. ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಂಡರೆ ಅದು ಸರಿಯಾಗಿ ದೇಹಕ್ಕೆ ಹತ್ತುವುದೂ ಇಲ್ಲ. ಬೊಸುಟಿನಿಬ್‌ಗೆ ಹೃದಯದ ಕಾಟ ಕಡಿಮೆ, ಆದರೆ ಭೇದಿ ಜಾಸ್ತಿ, ಲಿವರ್ ಮೇಲೂ ಕಣ್ಣಿಡಬೇಕು. ಇಮ್ಯಾಟಿನಿಬ್‌ನಲ್ಲಿ ಕಣ್ಣಿನ ಸುತ್ತ ಊತ, ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ವಾಕರಿಕೆ ಇರುತ್ತವೆ. ಕಿರಿಕಿರಿಯೇನೋ ಹೌದು, ಆದರೆ ಜೀವಕ್ಕೆ ಕುತ್ತು ತರುವುದು ಅಪರೂಪ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಅನುಭವ ಇರುವ ಔಷಧಿ ಅದು.

ಇದನ್ನೆಲ್ಲ ಜೋಡಿಸಿ ನೋಡಿ. 72 ವರ್ಷ, ಹೃದಯಕ್ಕೆ ಸ್ಟೆಂಟ್ ಹಾಕಿದೆ, ಇಎಲ್‌ಟಿಎಸ್ ಲೋ ರಿಸ್ಕ್ ಎಂದರೆ ಇಮ್ಯಾಟಿನಿಬ್ ಸಹಜವಾದ ಆಯ್ಕೆ. 34 ವರ್ಷ, ಬೇರೆ ಕಾಯಿಲೆ ಇಲ್ಲ, ಸ್ಕೋರ್ ಹೈ ರಿಸ್ಕ್ ಎಂದರೆ ಎರಡನೇ ತಲೆಮಾರಿನ ಮಾತ್ರೆಯ ಕಡೆ ತಕ್ಕಡಿ ವಾಲುತ್ತದೆ. ಮುಂದೊಂದು ದಿನ ಮಾತ್ರೆ ನಿಲ್ಲಿಸಬೇಕೆಂಬ ಆಸೆ ಇರುವವರಿಗೂ ಹಾಗೆಯೇ. ಇಬ್ಬರಿಗೂ ಸಿಎಂಎಲ್ಲೇ. ಒಬ್ಬರ ಮಾತ್ರೆ ನೋಡಿ ಇನ್ನೊಬ್ಬರು "ನನಗೆ ಹಳೇದು ಕೊಟ್ಟರು" ಎಂದು ಬೇಸರಪಡುವುದಕ್ಕೆ ಕಾರಣವಿಲ್ಲ.

ಪೊನಾಟಿನಿಬ್ ಬಹಳ ಶಕ್ತಿಯ ಔಷಧಿ. ಬಿಸಿಆರ್-ಎಬಿಎಲ್ ಜೀನಿನಲ್ಲಿ ಟಿ315ಐ ಎಂಬ ಬದಲಾವಣೆ ಬಂದರೆ ಈ ಮೇಲಿನ ನಾಲ್ಕೂ ಮಾತ್ರೆಗಳು ಸೋಲುತ್ತವೆ, ಪೊನಾಟಿನಿಬ್ ಕೆಲಸ ಮಾಡುತ್ತದೆ. ಆದರೆ ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಅದರಲ್ಲಿ ನಿಜವಾಗಿಯೂ ಇದೆ. ಹಾಗಾಗಿ ಕಾಯಿಲೆ ಇಳಿಯುತ್ತಿದ್ದಂತೆ ಡೋಸ್ ಇಳಿಸುತ್ತಾರೆ. ಬೇರೆ ಜಾಗದಲ್ಲಿ ಅಂಟಿಕೊಂಡು ಕೆಲಸ ಮಾಡುವ ಅಸಿಮಿನಿಬ್‌ಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ಟಿ315ಐ ಮೇಲೂ ಕೆಲಸ ಮಾಡುತ್ತದೆ.

ಮಾತ್ರೆ ಕೆಲಸ ಮಾಡುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ?

ಬಿಳಿಕಣ ನಾರ್ಮಲ್ ಆಯಿತು ಎಂದರೆ ಸಾಲದು. ಅದು ಮೊದಲ ಮೆಟ್ಟಿಲು ಅಷ್ಟೇ. ಬಿಸಿಆರ್-ಎಬಿಎಲ್ ರಕ್ತದಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಅಳೆಯುವ ಪಿಸಿಆರ್ ಎಂಬ ರಕ್ತ ಪರೀಕ್ಷೆಯನ್ನು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು. ರಿಪೋರ್ಟ್ ಅಂತಾರಾಷ್ಟ್ರೀಯ ಅಳತೆಯಲ್ಲಿ ಇರಬೇಕು, ಇಲ್ಲದಿದ್ದರೆ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಲು ಆಗುವುದಿಲ್ಲ. ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬ್‌ಗೆ ಹೋಗಿ.

ಮೂರು ತಿಂಗಳಿಗೆ ಶೇ. 10 ಅಥವಾ ಕಡಿಮೆ, ಆರು ತಿಂಗಳಿಗೆ ಶೇ. 1 ಅಥವಾ ಕಡಿಮೆ, ಒಂದು ವರ್ಷಕ್ಕೆ ಶೇ. 0.1 ಅಥವಾ ಕಡಿಮೆ. ಗುರಿ ಇದು. ಸ್ವಲ್ಪ ಹಿಂದೆ ಬಿದ್ದರೆ ತಕ್ಷಣ ಔಷಧಿ ಬದಲಿಸುವುದಿಲ್ಲ. ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದೀರಾ, ಬೇರೆ ಔಷಧಿ ಅಡ್ಡ ಬರುತ್ತಿದೆಯಾ ಎಂದು ಮೊದಲು ನೋಡಿ, ಪರೀಕ್ಷೆ ಮತ್ತೊಮ್ಮೆ ಮಾಡುತ್ತಾರೆ. ನಿಜಕ್ಕೂ ಜಗ್ಗುತ್ತಿಲ್ಲ ಎಂದಾದರೆ ಮ್ಯುಟೇಶನ್ (ಜೀನಿನಲ್ಲಿ ಆದ ಬದಲಾವಣೆ) ಪರೀಕ್ಷೆ ಮಾಡಿ, ಅದಕ್ಕೆ ತಕ್ಕ ಮಾತ್ರೆ ಆರಿಸುತ್ತಾರೆ. ನನ್ನ ಮಟ್ಟಿಗೆ, ಮೊದಲ ದಿನದ ಸ್ಕೋರಿಗಿಂತ ಈ ಮೂರು, ಆರು, ಹನ್ನೆರಡು ತಿಂಗಳ ಅಂಕಿಗಳು ಹೇಳುವ ಮಾತು ದೊಡ್ಡದು. ಸ್ಕೋರ್ ಒಂದು ಅಂದಾಜು. ಇದು ನಿಮ್ಮದೇ ದೇಹ ಕೊಟ್ಟ ಉತ್ತರ.

ತಿಂಗಳಿಗೆ ನಾಲ್ಕೈದು ದಿನ ಮರೆತುಹೋಗುತ್ತದೆ. ಪರವಾಗಿಲ್ವಾ?

ಇಲ್ಲ, ಹಾಗೆ ಬಿಡಬಾರದು. ಕೊಟ್ಟ ಡೋಸ್‌ನಲ್ಲಿ ಶೇ. 90ಕ್ಕಿಂತ ಕಡಿಮೆ ತೆಗೆದುಕೊಂಡವರಲ್ಲಿ ಕಾಯಿಲೆ ಶೇ. 0.1ಕ್ಕೆ ಇಳಿಯುವ ಸಾಧ್ಯತೆ ಬಹಳ ಕುಸಿಯುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಶೇ. 90 ಎಂದರೆ ತಿಂಗಳಿಗೆ ಮೂರು ದಿನ ತಪ್ಪಿದರೆ ಮುಗಿಯಿತು. ಎಷ್ಟೋ ಸಲ "ಔಷಧಿ ಸೋತಿತು" ಎಂದು ಕಾಣುವುದು ಮಾತ್ರೆ ತಪ್ಪಿದ್ದರಿಂದ. ವಾಕರಿಕೆಗೋ ಸುಸ್ತಿಗೋ ಬಿಡುತ್ತಿದ್ದರೆ ಅದನ್ನು ಮುಚ್ಚಿಡಬೇಡಿ, ಬೈಸಿಕೊಳ್ಳುತ್ತೇನೆ ಎಂಬ ಭಯ ಬೇಡ. ಡೋಸ್ ಹೊಂದಿಸಬಹುದು, ಮಾತ್ರೆ ಬದಲಿಸಬಹುದು. ಗೊತ್ತೇ ಇಲ್ಲದಿದ್ದರೆ ಡಾಕ್ಟರು ಅನಗತ್ಯವಾಗಿ ಜೋರಾದ ಔಷಧಿಗೆ ಹೋಗುವ ಹಾಗಾಗುತ್ತದೆ.

ಜೀವನಪೂರ್ತಿ ಮಾತ್ರೆ ನುಂಗಬೇಕಾ?

ಎಲ್ಲರೂ ಅಲ್ಲ. ಹಲವು ವರ್ಷ ಮಾತ್ರೆ ತೆಗೆದುಕೊಂಡು, ಅದರಲ್ಲಿ ಕನಿಷ್ಠ ಎರಡು ವರ್ಷ ಪಿಸಿಆರ್ ಶೇ. 0.01 ಅಥವಾ ಅದಕ್ಕೂ ಕೆಳಗೆ ಗಟ್ಟಿಯಾಗಿ ನಿಂತವರು ಡಾಕ್ಟರ ಕಣ್ಗಾವಲಿನಲ್ಲಿ ನಿಲ್ಲಿಸಿ ನೋಡಬಹುದು. ಹಾಗೆ ನಿಲ್ಲಿಸಿದವರಲ್ಲಿ ಹತ್ತಿರಹತ್ತಿರ ಅರ್ಧ ಜನರಿಗೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ, ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ. ಅದಕ್ಕೇ ಆ ಆರು ತಿಂಗಳು ಪ್ರತಿ ತಿಂಗಳು ಪಿಸಿಆರ್ ಬೇಕು. ಮತ್ತೆ ಬಂದರೂ ಅದೇ ಮಾತ್ರೆ ಶುರು ಮಾಡಿದರೆ ಬಹುತೇಕ ಎಲ್ಲರಲ್ಲೂ ಹತೋಟಿಗೆ ಬರುತ್ತದೆ. ತಿಂಗಳು ತಿಂಗಳು ಪರೀಕ್ಷೆಗೆ ಬರಲು ಆಗದವರು, ಹಿಂದೆ ಕಾಯಿಲೆ ಮುಂದಿನ ಹಂತಕ್ಕೆ ಹೋಗಿದ್ದವರು ಇದಕ್ಕೆ ಕೈ ಹಾಕಬಾರದು. ನಿಲ್ಲಿಸಿದ ಮೇಲೆ ಕೆಲವರಿಗೆ ಕೆಲವು ವಾರ ಮೈಕೈ, ಕೀಲು ನೋಯುತ್ತವೆ. ಅದು ಕಾಯಿಲೆ ಮರಳಿದ ಲಕ್ಷಣವಲ್ಲ.

ಮಗು ಬೇಕು ಅಂದರೆ?

ಗರ್ಭ ನಿಲ್ಲುವ ಮೊದಲೇ ಮಾತಾಡಿ. ಈ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು, ಮುಖ್ಯವಾಗಿ ಮೊದಲ ತಿಂಗಳುಗಳಲ್ಲಿ. ಕಾಯಿಲೆ ಆಳಕ್ಕೆ ಇಳಿದಿದ್ದರೆ ಮಾತ್ರೆ ನಿಲ್ಲಿಸಿ ಗರ್ಭ ಧರಿಸುವ ಯೋಜನೆ ಮಾಡಬಹುದು. ಮಧ್ಯದಲ್ಲಿ ಚಿಕಿತ್ಸೆ ಬೇಕೇ ಆದರೆ ಇಂಟರ್‌ಫೆರಾನ್ ಚುಚ್ಚುಮದ್ದು ಇದೆ. ಮಾತ್ರೆ ತೆಗೆದುಕೊಳ್ಳುತ್ತಿರುವಾಗ ಎದೆಹಾಲು ಕುಡಿಸಬಾರದು. ಗೊತ್ತಿಲ್ಲದೆ ಗರ್ಭ ನಿಂತಿದ್ದರೆ ಗಾಬರಿಯಾಗದೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ.

ನನಗೆ ಸಿಎಲ್‌ಎಲ್. ಕ್ಯಾನ್ಸರ್ ಇದ್ದೂ ಔಷಧಿ ಯಾಕೆ ಕೊಡುತ್ತಿಲ್ಲ?

ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಪ್ರಶ್ನೆ ಇದು. ಕ್ಯಾನ್ಸರ್ ಎಂದು ಹೇಳಿ ಬರಿಗೈಯಲ್ಲಿ ಕಳಿಸಿದರೆ ಯಾರಿಗಾದರೂ ಕೈಬಿಟ್ಟರು ಅನ್ನಿಸುತ್ತದೆ. ಮನೆಯವರಿಗೂ ನಿದ್ದೆ ಇಲ್ಲ. ಆದರೆ ಇದು ನಿರ್ಲಕ್ಷ್ಯವಲ್ಲ, ಪರೀಕ್ಷೆಗೆ ಒಳಗಾಗಿ ಗೆದ್ದ ಕ್ರಮ. ಲಕ್ಷಣ ಇಲ್ಲದ ಹಂತದಲ್ಲೇ ಔಷಧಿ ಕೊಟ್ಟು ಹಲವು ಟ್ರಯಲ್‌ಗಳು ನೋಡಿವೆ, ಹಳೇ ಕೀಮೋ ಔಷಧಿಯಿಂದಲೂ ಹೊಸ ಇಬ್ರುಟಿನಿಬ್‌ನಿಂದಲೂ. ಬೇಗ ಶುರು ಮಾಡಿದವರು ಜಾಸ್ತಿ ಕಾಲ ಬದುಕಲಿಲ್ಲ. ಔಷಧಿಯ ತೊಂದರೆಗಳನ್ನು ಮಾತ್ರ ಬೇಗ ಅನುಭವಿಸಿದರು. ಕೆಲವರಿಗೆ ಜೀವನದಲ್ಲಿ ಚಿಕಿತ್ಸೆಯೇ ಬೇಕಾಗುವುದಿಲ್ಲ.

ಬಿಳಿಕಣ ಒಂದು ಲಕ್ಷ ದಾಟಿದರೂ ಆ ಅಂಕಿ ಒಂದರಿಂದಲೇ ಚಿಕಿತ್ಸೆ ಶುರು ಮಾಡುವುದಿಲ್ಲ. ಹಿಮೋಗ್ಲೋಬಿನ್ 10ಕ್ಕಿಂತ ಅಥವಾ ಪ್ಲೇಟ್‌ಲೆಟ್ ಒಂದು ಲಕ್ಷಕ್ಕಿಂತ ಕೆಳಗಿಳಿಯುವುದು, ಗುಲ್ಮ ಪಕ್ಕೆಲುಬಿನಿಂದ 6 ಸೆಂಟಿಮೀಟರ್ ಕೆಳಗೆ ಬೆಳೆಯುವುದು, 10 ಸೆಂಟಿಮೀಟರ್ ದಾಟಿದ ದುಗ್ಧಗ್ರಂಥಿಯ (ಲಿಂಫ್ ನೋಡ್) ಗಂಟು, ಆರು ತಿಂಗಳಲ್ಲಿ ಶೇ. 10 ತೂಕ ಇಳಿಯುವುದು, ಸೋಂಕಿಲ್ಲದೆ ಎರಡು ವಾರ ಬಿಡದ ಜ್ವರ, ಒಂದು ತಿಂಗಳು ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು: ಶುರು ಮಾಡಲು ಕಾರಣಗಳೆಂದರೆ ಇಂಥವು. ಲಿಂಫೋಸೈಟ್ ಆರು ತಿಂಗಳೊಳಗೆ ದುಪ್ಪಟ್ಟಾಗುವುದೂ ಒಂದು ಕಾರಣ. ಈ ಪಟ್ಟಿಯನ್ನು ಮನೆಯವರಿಗೂ ಹೇಳಿಡಿ. ಏನನ್ನು ಕಾಯುತ್ತಿದ್ದೇವೆ ಎಂದು ಗೊತ್ತಿದ್ದರೆ ಕಾಯುವುದು ಸ್ವಲ್ಪ ಸುಲಭ.

ಚಿಕಿತ್ಸೆಗೆ ಮೊದಲು ಯಾವ ಪರೀಕ್ಷೆಗಳು ಬೇಕೇ ಬೇಕು?

ಸಿಎಲ್‌ಎಲ್‌ನಲ್ಲಿ ನಾನು ಕೈ ಮುಗಿದು ಹೇಳುವ ಮಾತು ಇದೊಂದೇ: ಈ ಮೂರು ರಿಪೋರ್ಟ್ ಬರುವ ತನಕ ಔಷಧಿ ಆರಿಸಬೇಡಿ. 17ಪಿ ಡಿಲೀಶನ್ ನೋಡುವ ಫಿಶ್ ಪರೀಕ್ಷೆ, ಟಿಪಿ53 ಮ್ಯುಟೇಶನ್ ಪರೀಕ್ಷೆ, ಐಜಿಎಚ್‌ವಿ ಪರೀಕ್ಷೆ.

ಟಿಪಿ53 ಎಂಬುದು ಹಾಳಾದ ಜೀವಕೋಶವನ್ನು ಸಾಯಿಸುವ ಕಾವಲುಗಾರ ಜೀನ್. ಅದು ಇರುವುದು 17ನೇ ಕ್ರೋಮೋಸೋಮಿನ ಗಿಡ್ಡ ತೋಳಿನಲ್ಲಿ. 17ಪಿ ಡಿಲೀಶನ್ ಎಂದರೆ ಆ ತುಂಡೇ ಕಳಚಿಹೋಗಿರುವುದು. ಕೀಮೋ ಕೆಲಸ ಮಾಡುವುದೇ ಆ ಕಾವಲುಗಾರನನ್ನು ಕರೆದು. ಅವನೇ ಇಲ್ಲದಿದ್ದರೆ ಕೀಮೋ ಕೊಟ್ಟು ಪ್ರಯೋಜನವಿಲ್ಲ. ಡಿಲೀಶನ್ ಇಲ್ಲದೆಯೂ ಬರೀ ಮ್ಯುಟೇಶನ್ ಇರಬಹುದು, ಹಾಗಾಗಿ ಎರಡೂ ಪರೀಕ್ಷೆ ಬೇಕು.

ಐಜಿಎಚ್‌ವಿ ಎಂಬುದು ಬಿ ಲಿಂಫೋಸೈಟ್ ಪ್ರತಿಕಾಯ ಮಾಡಲು ಬಳಸುವ ಜೀನ್. ಅದರ ವಿಷಯದಲ್ಲಿ ಹೆಸರೇ ದಾರಿ ತಪ್ಪಿಸುತ್ತದೆ. ಇಲ್ಲಿ "ಮ್ಯುಟೇಟೆಡ್" ಎಂದರೆ ಒಳ್ಳೆಯದು, ಕಾಯಿಲೆ ನಿಧಾನ. "ಅನ್‌ಮ್ಯುಟೇಟೆಡ್" ಎಂದರೆ ಚುರುಕು. ಮೂಲ ಜೀನಿಗೆ ಶೇ. 98 ಅಥವಾ ಜಾಸ್ತಿ ಹೋಲಿಕೆ ಇದ್ದರೆ ಅನ್‌ಮ್ಯುಟೇಟೆಡ್ ಎನ್ನುತ್ತಾರೆ. ರಿಪೋರ್ಟ್ ನೋಡಿ "ಅಯ್ಯೋ, ಮ್ಯುಟೇಶನ್ ಇದೆಯಂತೆ" ಎಂದು ಅಳುವವರಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಐಜಿಎಚ್‌ವಿ ಬದಲಾಗುವುದಿಲ್ಲ, ಒಮ್ಮೆ ಮಾಡಿಸಿದರೆ ಸಾಕು. 17ಪಿ ಮತ್ತು ಟಿಪಿ53 ಮಾತ್ರ ಕಾಲ ಕಳೆದಂತೆ ಹೊಸದಾಗಿ ಕಾಣಿಸಬಹುದು. ಪ್ರತಿ ಹೊಸ ಚಿಕಿತ್ಸೆಗೆ ಮೊದಲು ಅವನ್ನು ಮತ್ತೆ ನೋಡಬೇಕು. ಐದು ವರ್ಷದ ಹಿಂದಿನ ರಿಪೋರ್ಟ್ ಸಾಲದು.

ಇವುಗಳ ಜೊತೆ ರಕ್ತದಲ್ಲಿರುವ ಬೀಟಾ-2 ಮೈಕ್ರೋಗ್ಲೋಬುಲಿನ್ ಎಂಬ ಪ್ರೊಟೀನ್, ಕಾಯಿಲೆಯ ಹಂತ, ವಯಸ್ಸು ಸೇರಿಸಿ ಸಿಎಲ್‌ಎಲ್-ಐಪಿಐ ಎಂಬ ಸ್ಕೋರ್ ಹಾಕುತ್ತಾರೆ. ಅದರಲ್ಲಿ ಟಿಪಿ53 ತೊಂದರೆಗೆ 4 ಅಂಕ, ವಯಸ್ಸು 65 ದಾಟಿದ್ದಕ್ಕೆ 1 ಅಂಕ. ತೂಕ ಎಲ್ಲಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ.

17ಪಿ ಡಿಲೀಶನ್ ಇದೆ ಎಂದರು. ಇಂಟರ್‌ನೆಟ್‌ನಲ್ಲಿ ಆಯಸ್ಸು ಮೂರು ವರ್ಷ ಎಂದು ಓದಿದೆ.

ಆ ಅಂಕಿ ಎಲ್ಲಿಯದು ಎಂದು ಹೇಳುತ್ತೇನೆ. 2000ನೇ ಇಸವಿಯಲ್ಲಿ ಪ್ರಕಟವಾದ, 325 ರೋಗಿಗಳ ಅಧ್ಯಯನದಲ್ಲಿ 17ಪಿ ಇದ್ದವರ ಮಧ್ಯಮ ಆಯಸ್ಸು 32 ತಿಂಗಳು ಎಂದಿತ್ತು. ಅದು ಹಳೇ ಕೀಮೋ ಕಾಲ. ಈಗಿನ ಬಿಟಿಕೆ ಮಾತ್ರೆಗಳು (ಬಿ ಲಿಂಫೋಸೈಟ್ ಬೆಳೆಯಲು ಬೇಕಾದ ಬಿಟಿಕೆ ಎಂಬ ಪ್ರೊಟೀನನ್ನು ತಡೆಯುವಂಥವು) ಆ ಕಾವಲುಗಾರ ಜೀನನ್ನು ನೆಚ್ಚಿಕೊಂಡಿಲ್ಲ. 17ಪಿ ಇರುವ ಎಷ್ಟೋ ಜನ ಇವುಗಳ ಮೇಲೆ ಹಲವು ವರ್ಷ ಚೆನ್ನಾಗಿದ್ದಾರೆ. ಈಗಲೂ ಅದು ಗಂಭೀರವಾದ ಗುರುತೇ, ಆದರೆ 32 ತಿಂಗಳು ಎನ್ನುವುದು ನಿಮ್ಮ ಲೆಕ್ಕವಲ್ಲ. ರಿಸ್ಕ್ ಎನ್ನುವುದು ಔಷಧಿ ಬದಲಾದಂತೆ ಬದಲಾಗುತ್ತದೆ.

ದಿನಾ ತೆಗೆದುಕೊಳ್ಳುವ ಬಿಟಿಕೆ ಮಾತ್ರೆಯಾ, ಒಂದು ವರ್ಷದ ವೆನೆಟೊಕ್ಲಾಕ್ಸ್ ಚಿಕಿತ್ಸೆಯಾ?

ಇವತ್ತು ಸಿಎಲ್‌ಎಲ್‌ನಲ್ಲಿ ನಿಜವಾದ ಆಯ್ಕೆ ಇರುವುದು ಇಲ್ಲಿ.

ಇಬ್ರುಟಿನಿಬ್, ಅಕಲಾಬ್ರುಟಿನಿಬ್, ಝಾನುಬ್ರುಟಿನಿಬ್ ಬಿಟಿಕೆ ಗುಂಪಿನ ಮಾತ್ರೆಗಳು. ಕೆಲಸ ಮಾಡುವ ತನಕ, ದೇಹ ತಡೆಯುವ ತನಕ ದಿನಾ ತೆಗೆದುಕೊಳ್ಳಬೇಕು. ಟಿಪಿ53 ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಇದೇ ದಾರಿ. ಅನ್‌ಮ್ಯುಟೇಟೆಡ್ ಇದ್ದವರಿಗೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಹೃದಯದ ಲಯ ತಪ್ಪುವುದು, ಬಿಪಿ ಏರುವುದು, ರಕ್ತಸ್ರಾವ ಇವುಗಳ ಕಾಟ. ಅಕಲಾಬ್ರುಟಿನಿಬ್ ಮತ್ತು ಇಬ್ರುಟಿನಿಬ್ ಅನ್ನು ಎದುರುಬದುರು ಇಟ್ಟು ನೋಡಿದ ಟ್ರಯಲ್‌ನಲ್ಲಿ ಲಯ ತಪ್ಪಿದ್ದು ಕ್ರಮವಾಗಿ ಶೇ. 9.4 ಮತ್ತು ಶೇ. 16 ಜನರಿಗೆ. ಹೃದಯದ ತೊಂದರೆ ಇದ್ದರೆ ಹೊಸ ಎರಡರಲ್ಲಿ ಒಂದನ್ನು ಕೇಳಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಹಲ್ಲು ಕೀಳಿಸುವುದಿದ್ದರೂ ಕೆಲವು ದಿನ ಮುಂಚೆ ಬಿಟಿಕೆ ಮಾತ್ರೆ ನಿಲ್ಲಿಸಬೇಕಾಗಬಹುದು. ಇನ್ನೊಂದು ವಿಷಯ: ಶುರು ಮಾಡಿದ ಮೊದಲ ವಾರಗಳಲ್ಲಿ ಗಂಟುಗಳು ಕರಗಿ, ಅಲ್ಲಿದ್ದ ಕಣಗಳು ರಕ್ತಕ್ಕೆ ಇಳಿಯುತ್ತವೆ. ಬಿಳಿಕಣ ಏರುತ್ತದೆ. ಅದು ಸೋಲಲ್ಲ.

ವೆನೆಟೊಕ್ಲಾಕ್ಸ್, ಸಾಯದೆ ಉಳಿದ ಕ್ಯಾನ್ಸರ್ ಕಣಗಳನ್ನು ಸಾಯುವಂತೆ ಮಾಡುವ ಮಾತ್ರೆ. ಅದನ್ನು ಒಬಿನುಟುಜುಮಾಬ್ ಎಂಬ ಔಷಧಿಯ ಡ್ರಿಪ್ ಜೊತೆ ಕೊಟ್ಟು ಸುಮಾರು ಒಂದು ವರ್ಷಕ್ಕೆ ನಿಲ್ಲಿಸುತ್ತಾರೆ. ನಿಲ್ಲಿಸುವ ದಿನ ಗೊತ್ತಿರುವುದು ದೊಡ್ಡ ಸಮಾಧಾನ. ಹೃದಯಕ್ಕೂ ಹಗುರ. ಆದರೆ ಶುರು ಮಾಡುವುದು ಕಷ್ಟ. ಕ್ಯಾನ್ಸರ್ ಕಣಗಳು ಒಮ್ಮೆಗೇ ಸತ್ತು ರಕ್ತಕ್ಕೆ ಪೊಟ್ಯಾಸಿಯಂ, ಯೂರಿಕ್ ಆಸಿಡ್ ಸುರಿದರೆ ಕಿಡ್ನಿ ನಿಲ್ಲಬಹುದು. ಅದಕ್ಕೇ 20, 50, 100, 200, 400 ಮಿಲಿಗ್ರಾಂ ಎಂದು ಐದು ವಾರಗಳಲ್ಲಿ ಮೆಟ್ಟಿಲು ಹತ್ತಿದಂತೆ ಏರಿಸುತ್ತಾರೆ. ಚೆನ್ನಾಗಿ ನೀರು ಕುಡಿಯಬೇಕು, ಪದೇ ಪದೇ ರಕ್ತ ಕೊಡಬೇಕು. ದೊಡ್ಡ ಗಂಟುಗಳಿದ್ದರೆ, ಕಿಡ್ನಿ ಸೊರಗಿದ್ದರೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಶುರು ಮಾಡಬಹುದು. ಐಜಿಎಚ್‌ವಿ ಮ್ಯುಟೇಟೆಡ್ ಇದ್ದವರಿಗೆ ಈ ದಾರಿ ವರ್ಷಗಟ್ಟಲೆ ಬಿಡುವು ಕೊಡುತ್ತದೆ. ಅನ್‌ಮ್ಯುಟೇಟೆಡ್ ಇದ್ದರೆ ಕಾಯಿಲೆ ಸ್ವಲ್ಪ ಬೇಗ ಮರಳಬಹುದು.

ಹಾಗಾಗಿ ಕಿಡ್ನಿ ಚೆನ್ನಾಗಿದ್ದು ಹೃದಯ ದುರ್ಬಲ ಇದ್ದವರಿಗೆ ವೆನೆಟೊಕ್ಲಾಕ್ಸ್, ಹೃದಯ ಗಟ್ಟಿಯಿದ್ದು ಕಿಡ್ನಿ ಸೊರಗಿದವರಿಗೆ ಬಿಟಿಕೆ ಮಾತ್ರೆ ಎಂದು ಮೊದಲ ಯೋಚನೆ ಓಡುತ್ತದೆ. ಎರಡೂ ಸಾಧ್ಯ ಇದ್ದಾಗ ನಿಮ್ಮ ಇಷ್ಟಕ್ಕೂ ಜಾಗವಿದೆ.

ಕೀಮೋ ಕಾಲ ಮುಗಿಯಿತಾ?

ಬಹುಪಾಲು ಹೌದು. ಹೊಸ ಔಷಧಿ ಸಿಗದ ಕಡೆ, ವಯಸ್ಸು ಚಿಕ್ಕದು, ದೇಹ ಗಟ್ಟಿ, ಐಜಿಎಚ್‌ವಿ ಮ್ಯುಟೇಟೆಡ್, ಟಿಪಿ53 ಸರಿಯಿದೆ ಎಂದರೆ ಎಫ್‌ಸಿಆರ್ ಎಂಬ ಮೂರು ಔಷಧಿಗಳ ಕೀಮೋ ಈಗಲೂ ಒಂದು ದಾರಿ. ಆ ಗುಂಪಿನಲ್ಲಿ ಕೆಲವರಿಗೆ ಹತ್ತು ವರ್ಷಕ್ಕೂ ಜಾಸ್ತಿ ಕಾಯಿಲೆ ಮರಳಿಲ್ಲ.

ಸೋಂಕು, ಲಸಿಕೆ ವಿಷಯದಲ್ಲಿ ಏನು ನೋಡಿಕೊಳ್ಳಬೇಕು?

ಸಿಎಲ್‌ಎಲ್‌ನಲ್ಲಿ ಔಷಧಿ ಇಲ್ಲದಿದ್ದರೂ ರೋಗನಿರೋಧಕ ಶಕ್ತಿ ಕಡಿಮೆ. ಫ್ಲೂ, ನ್ಯುಮೋನಿಯಾ ಲಸಿಕೆ ಹಾಕಿಸಿಕೊಳ್ಳಿ, ಆದಷ್ಟು ಚಿಕಿತ್ಸೆ ಶುರುವಾಗುವ ಮೊದಲೇ. ಜೀವಂತ ವೈರಸ್ ಇರುವ ಲಸಿಕೆ ಬೇಡ. ಚಿಕಿತ್ಸೆಗೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ತಪ್ಪಿಸಬೇಡಿ. ಸುಮ್ಮನೆ ಮಲಗಿದ್ದ ವೈರಸ್ ಔಷಧಿಯಿಂದ ಎದ್ದು ಲಿವರ್ ಹಾಳು ಮಾಡಬಹುದು. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರಕ್ಕೆ ಬೆಳಗಾಗಲಿ ಎಂದು ಕಾಯಬೇಡಿ.

ಡಾಕ್ಟರ ಹತ್ತಿರ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಮೊದಲ ದಿನದಿಂದ ಇವತ್ತಿನವರೆಗಿನ ರಿಪೋರ್ಟುಗಳು, ತಾರೀಖಿನ ಕ್ರಮದಲ್ಲಿ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ, ಗ್ಯಾಸ್ಟ್ರಿಕ್‌ದೂ, ಗಿಡಮೂಲಿಕೆಯದೂ ಸೇರಿಸಿ. ಫಂಗಸ್ ಸೋಂಕಿನ ಕೆಲವು ಮಾತ್ರೆಗಳು, ಕೆಲವು ಆಂಟಿಬಯಾಟಿಕ್‌ಗಳು ಈ ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಹಲವು ಪಟ್ಟು ಏರಿಸಬಲ್ಲವು. ಜೊತೆಗೆ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದುಕೊಳ್ಳಿ. ನನ್ನ ಕಾಯಿಲೆಯ ಯಾವ ಗುರುತು ನೋಡಿ ಈ ಔಷಧಿ ಆರಿಸಿದಿರಿ? ನನ್ನ ದೇಹದಲ್ಲಿ ಯಾವುದರ ಮೇಲೆ ಇದು ಭಾರ ಹಾಕಬಹುದು? ಇದು ಕೆಲಸ ಮಾಡುತ್ತಿಲ್ಲ ಎಂದು ಯಾವ ತಿಂಗಳು, ಯಾವ ಅಂಕಿ ನೋಡಿ ಹೇಳುತ್ತೀರಿ? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ, ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತುಹೋಗಿರುತ್ತದೆ. ಸಾಧ್ಯವಾದರೆ ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.